ಒಂದು ದಿನ ಕಡಿಮೆ

ಜನವರಿ 5, ಸೋಮವಾರ

ಹಳೆಯ ಪಾಠಯೋಜನೆ ಪುಸ್ತಕದಲ್ಲಿ ಅರ್ಧದಷ್ಟು ಹಾಳೆ ಖಾಲಿ ಉಳಿದಿತ್ತು. ಬಿಸಾಡಲು ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಇದರಲ್ಲಿ ಬರೆಯುತ್ತೇನೆ. ಯಾರ ಮೇಲಾದರೂ ಕೂಗಾಡುವುದಕ್ಕಿಂತ ಇದು ವಾಸಿ.

ಇವತ್ತಿನಿಂದ ಬೆಳಗಿನ ಫೋನು ಶುರು. ನಮ್ಮ ಹೆಡ್‌ಮಾಸ್ಟರ್ ರಾಜೇಂದ್ರ ಸರ್, ಹತ್ತನೇ ತರಗತಿಯಲ್ಲಿ ಹಿಂದುಳಿದ ಮಕ್ಕಳನ್ನೆಲ್ಲ ಟೀಚರುಗಳಿಗೆ ಹಂಚಿ ‘ದತ್ತು’ ಕೊಟ್ಟಿದ್ದಾರೆ. ನನ್ನ ಪಾಲಿಗೆ ಹತ್ತು. ಐದು ಗಂಟೆಗೆ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಎಬ್ಬಿಸಬೇಕು. ಅಪ್ಪ ಅಮ್ಮ ‘ಎದ್ದಿದೆ’ ಎಂದರೆ ಸಾಲದು, ಮಗುವಿನ ದನಿಯನ್ನೇ ಕೇಳಬೇಕು. ಆರರೊಳಗೆ ಗ್ರೂಪಿನಲ್ಲಿ ವರದಿ ಹಾಕಬೇಕು. ಹತ್ತರಲ್ಲಿ ಎಂಟು ಎದ್ದವು. ಒಂಬತ್ತನೆಯವನ ತಂದೆ “ಈಗ್ಲೇ ಎಬ್ಬುಸ್ತೀನಿ ಮೇಡಮ್ಮೋರೆ” ಎಂದು ಹೇಳಿ ತಾನೂ ಮಲಗಿಬಿಟ್ಟ. ಹತ್ತನೆಯವಳು ಕವನ. ಫೋನೇ ಎತ್ತಲಿಲ್ಲ.

ಶಾಲೆಯ ಫೋನುಗಳ ಕಾಟ ಬೇಡವೆಂದು ಜೂನ್‌ನಲ್ಲೇ ಬೇರೆ ಸಿಮ್ ತೆಗೆದುಕೊಂಡೆ. ಹಳೆಯ ನಂಬರಿನ ಫೋನನ್ನು ಅತ್ತೆಗೆ ಬಿಟ್ಟಿದ್ದೇನೆ. ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ ಅಂದುಕೊಳ್ಳುತ್ತೇನೆ.

ನಂಜನಗೂಡಿನಿಂದ ಏಳೂ ಹತ್ತರ ಬಸ್ಸು, ಸುತ್ತೂರು ದಾಟಿ ನರಸೀಪುರ, ಅಲ್ಲಿಂದ ಮೂಗೂರು ಕಡೆಗೆ ಇನ್ನೊಂದು. ಮನೆಗೆ ವಾಪಸಾಗುವಾಗ ಸಂಜೆ ಏಳು. ನನ್ನ ಗಂಡ ಮುರಳಿಗೆ ಕಾರ್ಖಾನೆಯಲ್ಲಿ ವಾರವಾರ ಬದಲಾಗುವ ಪಾಳಿ. ಮನೆ ಹೇಗೋ ನಡೆಯುತ್ತಿದೆ ಎಂದರೆ ಮಗಳು ಸಿಂಧುವಿನಿಂದ. ಅವಳೂ ಈ ವರ್ಷ ಹತ್ತನೇ ತರಗತಿ. ಆದರೂ ನಾನು ಬರುವ ಹೊತ್ತಿಗೆ ಸಾರು ಆಗಿರುತ್ತದೆ, ಬಟ್ಟೆ ಮಡಚಿರುತ್ತದೆ, ಅತ್ತೆಗೆ ತಲೆ ಬಾಚಿರುತ್ತದೆ. ಅವಳ ಯೂನಿಫಾರ್ಮು ಒಗೆಯುವ ಕೆಲಸವೂ ಕಡಿಮೆ, ಕೊಳೆಯೇ ಮಾಡಿಕೊಳ್ಳುವುದಿಲ್ಲ. ಅವಳನ್ನು ಯಾರೂ ಫೋನ್ ಮಾಡಿ ಎಬ್ಬಿಸಬೇಕಾಗಿಲ್ಲ. ಈ ಹತ್ತು ಮಕ್ಕಳ ತಾಯಂದಿರಿಗೆ ನನ್ನ ಮಗಳನ್ನು ಒಂದು ದಿನ ತೋರಿಸಬೇಕು.

ಜನವರಿ 9, ಶುಕ್ರವಾರ

ಕವನಳ ಮನೆಗೆ ಹೋಗಿ ಬಂದೆ. ಕೊನೆಯ ಪೀರಿಯಡ್ ಬಿಟ್ಟು, ಎರಡು ಕಿಲೋಮೀಟರ್ ನಡೆದು. ಕಾಲು ಇನ್ನೂ ನೋಯುತ್ತಿದೆ, ಕೋಪವೂ ಇಳಿದಿಲ್ಲ.

ಒಂದು ತಿಂಗಳಲ್ಲಿ ಒಂಬತ್ತು ದಿನ ಗೈರು. ಹೋಗಿ ನೋಡಿದರೆ ಹುಡುಗಿ ಒಲೆಯ ಮುಂದೆ. ಮೂಲೆಯಲ್ಲಿ ಅವಳ ಅಜ್ಜಿ ಮಂಗಳಮ್ಮ, ಲಕ್ವ ಹೊಡೆದು ಬಲಗೈ ಮಡಿಲಲ್ಲಿ ಬಿದ್ದಿದೆ. ಅಪ್ಪ ಕುಮಾರ ಗಾರೆ ಕೆಲಸದಿಂದ ಆಗ ತಾನೆ ಬಂದು ಕಾಲು ತೊಳೆಯುತ್ತಿದ್ದ.

“ಹುಡುಗಿ ಹತ್ತನೇ ಕ್ಲಾಸು ಅಂತ ಗೊತ್ತಿದೆಯೋ ಇಲ್ಲವೋ? ಮನೆ ನೋಡ್ಕೊಳ್ಳೋಕೆ ಮಗಳನ್ನ ಇಟ್ಕೊಂಡಿದೀಯಾ?” ಎಂದೆ.

“ಏನ್ ಮಾಡನ ಮೇಡಮ್ಮೋರೆ. ನಮ್ಮವ್ವುಂಗೆ ಕೈ ಆಡಲ್ಲ, ಉಣ್ಣುಸಕ್ಕೂ ಒಬ್ರು ಬೇಕು. ನಮ್ಮನೆಯವ್ಳು ಆರೂವರೆಗೆಲ್ಲ ಗಾರ್ಮೆಂಟ್ಸ್ ವ್ಯಾನ್ ಅತ್ಕೊಂಡು ಓಯ್ತಳೆ. ನಾನ್ ಓಗ್ನಿಲ್ಲ ಅಂದ್ರೆ ಮೇಸ್ತ್ರಿ ಬ್ಯಾರೆಯವ್ರ ಕರೀತನೆ.”

“ಅದನ್ನೆಲ್ಲ ದೊಡ್ಡವರು ಯೋಚನೆ ಮಾಡಬೇಕು. ಮಗು ತಲೆ ಮೇಲೆ ಹಾಕೋದಲ್ಲ. ನಾಚಿಕೆ ಆಗಬೇಕು ನಿಮಗೆ.”

ಮಂಗಳಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಕುಮಾರ ತಲೆ ತಗ್ಗಿಸಿದ. ಆಮೇಲೆ, ಕೊಂಕಿಲ್ಲದೆ, ಸುಮ್ಮನೆ ತಿಳಿಯಬೇಕೆಂದು ಕೇಳಿದ. “ನೀವು ಇಲ್ಗಂಟ ಬತ್ತೀರಲ್ಲ, ನಿಮ್ಮನೇಲಿ ಯಾರ್ ನೋಡ್ಕತರೆ ಮೇಡಮ್ಮೋರೆ?”

“ನಮ್ಮನೇಲೂ ವಯಸ್ಸಾದವರಿದ್ದಾರೆ. ನನ್ನ ಮಗಳೂ ಹತ್ತನೇ ಕ್ಲಾಸೇ. ಒಂದು ದಿನ ತಪ್ಪಿಸಲ್ಲ,” ಎಂದು ಹೇಳಿ ಬಂದೆ.

ಜನವರಿ 15, ಗುರುವಾರ

ಸಂಕ್ರಾಂತಿ. ರಜೆಯ ದಿನವೂ ಐದಕ್ಕೆ ಫೋನು ತಪ್ಪಲಿಲ್ಲ. ಎಳ್ಳು ಬೀರುವುದನ್ನು ಸಿಂಧುವಿಗೇ ಬಿಟ್ಟೆ.

ಊಟಕ್ಕೆ ಕುಳಿತಾಗ ಕವನಳ ಮನೆಯ ಕಥೆ ಹೇಳಿದೆ. ಮುರಳಿ ಹೂಂಗುಟ್ಟುತ್ತಾ ಪೊಂಗಲ್ ತಿಂದರು. ಸಿಂಧು ಮಾತ್ರ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳಿದಳು. “ಅವರಿಗೆ ಬೇರೆ ಯಾರಿದ್ರು ಅಮ್ಮ?”

“ಅದು ದೊಡ್ಡವರ ತಲೆನೋವು. ಹುಡುಗಿ ಬಾಯಿಬಿಟ್ಟು ಹೇಳಬೇಕಿತ್ತು, ನಾನು ಸ್ಕೂಲಿಗೆ ಹೋಗಬೇಕು ಅಂತ.”

ಅವಳು ಎದ್ದು ಅಜ್ಜಿಗೆ ಮಜ್ಜಿಗೆ ಕೊಡಲು ಹೋದಳು. ಪೊಂಗಲ್ ಹಾಗೇ ಉಳಿದಿತ್ತು. ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೆ ಹೊಟ್ಟೆ ಕಟ್ಟುತ್ತದೆ.

ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ಟವೆಲ್ಲು, ತಾಮ್ರದ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಬೆಳಗಾಯ್ತಲ್ಲ, ಹೊಳೆಗೆ ಹೋಗ್ಬರ್ತೀನಿ.” ಐವತ್ತು ವರ್ಷ ಕಪಿಲೆಯಲ್ಲಿ ಮುಳುಗಿ ಎದ್ದ ಜೀವ. “ಈಗ ಮಧ್ಯಾಹ್ನ ಅತ್ತೆ,” ಎಂದೆ, ಅವರು ಹೊಸ್ತಿಲು ದಾಟಲು ಹೊರಟರು. ಸಿಂಧು ಬಂದು ತಂಬಿಗೆ ತೆಗೆದುಕೊಂಡಳು. “ಆಗ್ಲೇ ಹೋಗಿ ಬಂದ್ವಲ್ಲ ಅಜ್ಜಿ, ನೋಡಿ ಟವೆಲ್ಲು ಒಣಗೇ ಹೋಗಿದೆ.” ಅತ್ತೆ ಟವೆಲ್ಲು ಮುಟ್ಟಿ ನೋಡಿ ಒಪ್ಪಿಕೊಂಡರು. ಎಷ್ಟು ಸಲೀಸಾಗಿ ನಿಭಾಯಿಸಿದಳು. ನನಗೆ ಈ ಚಾತುರ್ಯ ಇಲ್ಲ.

ಜನವರಿ 19, ಸೋಮವಾರ

ಹತ್ತಕ್ಕೆ ಹತ್ತು. ಕವನಳೂ ಎದ್ದಳು, ಶಾಲೆಗೂ ಬಂದಳು. ನಾನು ಬೈದು ಬಂದದ್ದು ಕೆಲಸ ಮಾಡಿದೆ.

ಸಿಂಧುವಿನ ಶಾಲೆಯ ಪೋಷಕರ ಸಭೆ ಮುಂದಕ್ಕೆ ಹೋಯಿತಂತೆ. ಒಳ್ಳೆಯದಾಯಿತು, ಈ ತಿಂಗಳು ನನಗೆಲ್ಲಿ ರಜೆ. ಸೀಟಿಲ್ಲ, ನಿಂತುಕೊಂಡೇ ಬರೆಯುತ್ತಿದ್ದೇನೆ.

ಜನವರಿ 24, ಶನಿವಾರ

ಶನಿವಾರ ಅರ್ಧ ದಿನ. ಮೂರಕ್ಕೆ ಮನೆ ಸೇರಿದೆ. ಬಾಗಿಲಲ್ಲಿ ಪರಿಚಯವಿಲ್ಲದ ಚಪ್ಪಲಿ. ಒಳಗೆ ಬಿಂದುಶ್ರೀ, ಸಿಂಧುವಿನ ಕ್ಲಾಸ್ ಟೀಚರು, ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಹೆರಿಗೆ ರಜೆ ಮುಗಿಸಿ ನವೆಂಬರಿನಲ್ಲಿ ಬಂದವರು. ಮಡಿಲಲ್ಲಿ ಹಾಜರಿ ಪುಸ್ತಕ.

“ಮೇಡಂ, ಸಿಂಧು ನಲವತ್ತೊಂಬತ್ತು ದಿನ ಬಂದಿಲ್ಲ.”

“ಬೇರೆ ಸಿಂಧು ಇರಬೇಕು,” ಎಂದೆ.

ಅವರು ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಹದಿನೇಳು ವರ್ಷದಿಂದ ಈ ಪುಸ್ತಕವನ್ನು ಇನ್ನೊಬ್ಬರ ಕಡೆಗೆ ತಿರುಗಿಸಿದವಳು ನಾನು. ಈ ಕಡೆಯಿಂದ ಅದನ್ನು ನೋಡಿದ್ದು ಇವತ್ತೇ.

ಗೈರಾದ ದಿನವೆಲ್ಲ ಮೆಸೇಜು ಹೋಗಿದೆ. ನನ್ನ ಹಳೆಯ ನಂಬರಿಗೆ. ಅದು ಅತ್ತೆಯ ದಿಂಬಿನ ಕೆಳಗಿರುವ ಫೋನು. ಡಿಸೆಂಬರಿನಲ್ಲಿ ಇವರೇ ಫೋನು ಮಾಡಿದಾಗ ಅತ್ತೆ ಎತ್ತಿ “ಮಗೂಗೆ ಹುಷಾರಿಲ್ಲ” ಎಂದರಂತೆ. “ಆಮೇಲೆ ನಾನೇ ಸುಮ್ಮನಾದೆ ಮೇಡಂ. ನೀವೂ ಟೀಚರ್ ಅಲ್ವಾ, ನಿಮಗೆ ಗೊತ್ತಿಲ್ಲದೆ ಇರುತ್ತಾ ಅಂತ,” ಎಂದರು. ಅವರ ತಪ್ಪಿಲ್ಲ. ನಾನೂ ಟೀಚರುಗಳ ಮಕ್ಕಳ ಮನೆಗೆ ಹೋಗುವುದಿಲ್ಲ.

ಅವರು ಹೋದ ಮೇಲೆ ಸಿಂಧುವಿಗೆ ಹೊಡೆದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೊಡೆದೆ. ಅವಳು ಅಳಲಿಲ್ಲ. ಅತ್ತೆ ಮಂಚದಿಂದ ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತು ನನ್ನ ಕಡೆ ನೋಡಿ “ಯಾರಮ್ಮ ನೀನು, ಮಗೂನ ಹೊಡೀತಿಯಲ್ಲ,” ಎಂದರು.

ಆಗ ಸಿಂಧು ಹೇಳಿದಳು. ಆಗಸ್ಟಿನಲ್ಲಿ ಒಂದು ದಿನ ಶಾಲೆಗೆ ಹೋಗುವ ದಾರಿಯಲ್ಲಿ ಅವಳಿಗೆ ಅಜ್ಜಿ ಸಿಕ್ಕಿದ್ದಾರೆ. ಹೊಳೆದಂಡೆಯ ಹದಿನಾರು ಕಾಲು ಮಂಟಪದ ಹತ್ತಿರ, ಎದೆಯ ತನಕ ಒದ್ದೆ, ಮನೆ ಯಾವ ಕಡೆ ಎಂದು ಗೊತ್ತಿಲ್ಲ. ಹೊಳೆ ತುಂಬಿದ್ದ ದಿನಗಳು ಅವು. ಅವತ್ತಿನಿಂದ ಅಪ್ಪನಿಗೆ ಬೆಳಗಿನ ಪಾಳಿ ಇದ್ದ ವಾರ ಇವಳು ಶಾಲೆಗೆ ಹೋಗಿಲ್ಲ. ಮಧ್ಯಾಹ್ನದ ಪಾಳಿಯಿದ್ದರೆ ಊಟದ ಬೆಲ್ಲಿಗೆ ಮನೆಗೆ. ನಮಗೆ ಹೇಳಬೇಡ ಎಂದು ಅಜ್ಜಿ ಕೈ ಮೇಲೆ ಕೈ ಇಡಿಸಿಕೊಂಡು ಭಾಷೆ ತೆಗೆದುಕೊಂಡಿದ್ದಾರೆ. ‘ನಿಮ್ಮಮ್ಮ ಕೆಲಸ ಬಿಡ್ತಾಳೆ, ಇಲ್ಲ ನನ್ನನ್ನ ಎಲ್ಲಾದರೂ ಬಿಡ್ತಾಳೆ’ ಎಂದರಂತೆ.

“ನನಗೆ ಹೇಳಬಾರದಾಗಿತ್ತೇನೆ?”

“ನೀನು ಕವನ ಮನೆಗೆ ಹೋಗಿದ್ದೆ ಅಂದ್ಯಲ್ಲ ಅಮ್ಮ, ಹಬ್ಬದ ದಿನ. ಆಗ ಅನ್ಕೊಂಡೆ, ಹೀಗೇ ಒಂದಿನ ನಮ್ಮನೆಗೂ ಬರ್ತೀಯ ಅಂತ.”

ಜನವರಿ 26, ಸೋಮವಾರ

ಧ್ವಜ ಹಾರಿಸಿ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಲೆಕ್ಕ ಮಾಡಿದೆ. ಗಣಿತದ ಟೀಚರು, ಇನ್ನೇನು ಮಾಡಬಲ್ಲೆ.

ಇದುವರೆಗೆ ಅವಳ ಶಾಲೆ ನಡೆದದ್ದು 168 ದಿನ. ಸಿಂಧು ಹೋದದ್ದು 119. ಫೆಬ್ರವರಿ 26ಕ್ಕೆ ಹಾಜರಿ ಮುಚ್ಚುತ್ತಾರೆ, ಅಷ್ಟರಲ್ಲಿ ಇನ್ನು 27 ದಿನ. ಒಂದೂ ತಪ್ಪಿಸದೆ ಹೋದರೆ 195ಕ್ಕೆ 146. ನೂರಕ್ಕೆ ಎಪ್ಪತ್ತೈದು ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಅಂದರೆ 147 ಬೇಕು. ಒಂದು ದಿನ ಕಡಿಮೆ. ಮೂರು ಸಲ ಮಾಡಿದೆ. ಮಕ್ಕಳು ತಪ್ಪು ಉತ್ತರವನ್ನೇ ಮತ್ತೆ ಮತ್ತೆ ಬರೆಯುವಾಗ ಬೈಯುತ್ತಿದ್ದೆ.

ಮನೆಯಲ್ಲಿ ಮುರಳಿ ಸುಲಭದ ದಾರಿ ಹೇಳಿದರು. “ಡಾಕ್ಟರ್ ಹತ್ರ ಜಾಂಡೀಸ್ ಅಂತ ಒಂದು ಸರ್ಟಿಫಿಕೇಟ್ ತರ್ತೀನಿ. ಒಂದು ಕಾಗದ ತಾನೆ.”

“ನಂಗೇನೂ ಆಗಿರ್ಲಿಲ್ಲ ಅಪ್ಪ,” ಎಂದಳು ಸಿಂಧು. ಅಷ್ಟೇ ಹೇಳಿ ಒಳಗೆ ಹೋದಳು. ಫೆಬ್ರವರಿಯಲ್ಲಿ ಹುಟ್ಟುವ ಇಂಥ ಜಾಂಡೀಸುಗಳನ್ನು ನಾನು ಎಷ್ಟು ವಾಪಸ್ ಕಳಿಸಿದ್ದೇನೆ.

“ನಿಮ್ಮಮ್ಮನ್ನ ನೀವು ನೋಡ್ಕೊಂಡಿದ್ರೆ,” ಎಂದು ನಾನು ಶುರು ಮಾಡಿದೆ. “ನಿನ್ನ ಮಗಳನ್ನ ನೀನು ನೋಡಿದ್ಯಾ,” ಎಂದು ಅವರು. ಇಬ್ಬರೂ ಗೆಲ್ಲಲಿಲ್ಲ.

ಜನವರಿ 28, ಬುಧವಾರ

ರಜೆ ಕೇಳಿದೆ. ರಾಜೇಂದ್ರ ಸರ್ ಅರ್ಜಿಯನ್ನು ಓದಿ ಮಡಚಿ ವಾಪಸ್ ಕೊಟ್ಟರು. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿದೆ, ಪ್ರಶ್ನೆಪತ್ರಿಕೆ ಬೀರುವಿಗೆ ಎರಡು ಬೀಗ, ಒಂದರ ಕೀಲಿ ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. “ಮಾರ್ಚ್ ಮುಗಿಯೋ ತನಕ ಮನೆ ಮರೆತುಬಿಡಿ ಮೇಡಂ.” ಹೋದ ವರ್ಷವೂ ಇದೇ ಮಾತು ಹೇಳಿದ್ದರು, ಹೋದ ವರ್ಷ ನಾನು ಹೆಮ್ಮೆಯಿಂದ ನಕ್ಕಿದ್ದೆ.

ಸಂಜೆ ಬಸ್‌ಸ್ಟಾಪಿನಲ್ಲಿ ಕುಮಾರ ಸಿಕ್ಕಿದ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

“ನೀವ್ ಅವತ್ತು ಬೈದಿದ್ದು ಒಳ್ಳೇದೇ ಆಯ್ತು ಮೇಡಮ್ಮೋರೆ. ಮೇಸ್ತ್ರಿ ಕಾಲು ಕಟ್ಕಂಡು ಮಧ್ಯಾನದ್ ಮ್ಯಾಲೆ ಕೆಲ್ಸುಕ್ ಬತ್ತೀನಿ ಅಂದೆ. ಬೆಳಿಗ್ಗೆ ನಾನೇ ಅವ್ವುಂಗೆ ಉಣ್ಣುಸ್ತೀನಿ. ಆಮ್ಯಾಕೆ ಪಕ್ಕದ್ ಮನೆಯವ್ರು ನೋಡ್ತರೆ. ಕೂಸು ತಪ್ಪುಸ್ತಾ ಇಲ್ಲ ಅಲ್ವ್ರಾ?”

“ಇಲ್ಲ. ತಪ್ಪಿಸ್ತಿಲ್ಲ,” ಎಂದೆ. ಒಂದು ವಾರದಲ್ಲಿ ಅವನು ಮಾಡಿದ ಕೆಲಸ. ಅದನ್ನು ಮುರಳಿಗೆ ಹೇಳಿದೆ, ಬೈಯದೆ, ನಡೆದದ್ದನ್ನು ನಡೆದ ಹಾಗೆ. ಅವರು ಊಟ ಮುಗಿಸಿ ಕೈ ತೊಳೆದರು. ಆಮೇಲೆ ಸೂಪರ್‌ವೈಸರಿಗೆ ಫೋನು ಮಾಡಿ, ಮಾರ್ಚ್ ಮುಗಿಯುವ ತನಕ ತನಗೆ ಬರೀ ರಾತ್ರಿ ಪಾಳಿ ಹಾಕಿ ಎಂದು ಕೇಳಿಕೊಂಡರು.

ಜನವರಿ 30, ಶುಕ್ರವಾರ

ಇಪ್ಪತ್ತೇಳು ದಿನಕ್ಕೆ ವ್ಯವಸ್ಥೆಯಾಯಿತು. ಆ ಇನ್ನೊಂದು ದಿನ ಎಲ್ಲಿಂದ ತರುವುದು?

ಲೆಕ್ಕದಲ್ಲಿ ದಾರಿ ಇದೆ. ಶಾಲೆ ಒಂದು ದಿನ ಹೆಚ್ಚಿಗೆ ನಡೆದರೆ 196ಕ್ಕೆ 147, ಸರಿಯಾಗಿ ಮುಕ್ಕಾಲು. ಅಂದರೆ ಒಂದು ಭಾನುವಾರ ಕ್ಲಾಸು ಇಡಬೇಕು. ಅರ್ಧ ದಿನದ ಪರ್ಮಿಷನ್ ಹಾಕಿ ಬಿಂದುಶ್ರೀಯ ಹತ್ತಿರ ಹೋಗಿ ಕೇಳಿದೆ.

ಅವರು ಹಾಜರಿ ಪುಸ್ತಕ ಮುಚ್ಚಿದರು. “ನನ್ನ ಮಗೂಗೆ ಎಂಟು ತಿಂಗಳು ಮೇಡಂ. ಬೆಳಿಗ್ಗೆ ಅದು ಏಳೋ ಮುಂಚೆ ಬರ್ತೀನಿ. ಭಾನುವಾರ ಒಂದೇ ದಿನ ಅದು ನನ್ನ ಮುಖ ಬೆಳಕಲ್ಲಿ ನೋಡೋದು.”

ನಾನು ಎದ್ದುಬಿಡಬೇಕಿತ್ತು. ಏಳಲಿಲ್ಲ. “ಬೇರೆ ದಾರಿ ಇದ್ದಿದ್ರೆ ಕೇಳ್ತಿರ್ಲಿಲ್ಲ,” ಎಂದೆ. ನನ್ನ ಮುಂದೆ ಕೈಕಟ್ಟಿ ನಿಂತು ಎಷ್ಟು ಜನ ಅಪ್ಪಂದಿರು ಇದೇ ಮಾತು ಹೇಳಿದ್ದಾರೆ, ಅದು ನೆಪ ಎಂದೇ ತಿಳಿದಿದ್ದೆ. “ನೋಡ್ತೀನಿ ಮೇಡಂ,” ಎಂದರು ಅವರು. ಆ ಮಾತಿನ ಅರ್ಥ ಯಾವ ಟೀಚರಿಗಾದರೂ ಗೊತ್ತು.

ಫೆಬ್ರವರಿ 5, ಗುರುವಾರ

ಇಪ್ಪತ್ತೇಳರಲ್ಲಿ ಒಂಬತ್ತು ದಿನ ಆಯಿತು. ಮುರಳಿ ಆರೂವರೆಗೆ ಬಂದು ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಾರೆ, ಅತ್ತೆ ದಾಟಿದರೆ ಎಚ್ಚರವಾಗಲಿ ಎಂದು. ನಿನ್ನೆ ಅತ್ತೆ ಅವರನ್ನು ಎಬ್ಬಿಸದೆ ತಲೆಯ ಹತ್ತಿರ ಕುಳಿತು ಬಹಳ ಹೊತ್ತು ಸೊಳ್ಳೆ ಓಡಿಸಿದರಂತೆ.

ಭಾನುವಾರದ ಬಗ್ಗೆ ಬಿಂದುಶ್ರೀಯಿಂದ ಸುದ್ದಿಯಿಲ್ಲ. ಸಿಂಧು ಕೇಳುವುದಿಲ್ಲ. ಕೇಳದೆ ಇರುವುದು ನನಗೆ ಹೆದರಿಕೆ.

ಫೆಬ್ರವರಿ 12, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಗಣಿತದ ಪೂರ್ವಸಿದ್ಧತಾ ಪರೀಕ್ಷೆ, ಹತ್ತೂಕಾಲಿಗೆ. ಬೀರುವಿನ ಕೀಲಿ ನನ್ನ ಬ್ಯಾಗಿನಲ್ಲಿ. ಆರೂ ನಲವತ್ತಕ್ಕೆ ಮುರಳಿಯ ಫೋನು. ಬೆಳಗಿನ ಪಾಳಿಯವನು ಬಂದಿಲ್ಲ, ಮಿಷನ್ ಬಿಟ್ಟು ಹೊರಡುವ ಹಾಗಿಲ್ಲ, ಬರುವಾಗ ಮಧ್ಯಾಹ್ನ ಎರಡಾಗುತ್ತದೆ. ನಾನು ಫೋನು ಇಟ್ಟು ತಿರುಗಿದರೆ ಸಿಂಧು ಆಗಲೇ ಬ್ಯಾಗು ಕೆಳಗಿಟ್ಟು ರಿಬ್ಬನ್ ಬಿಚ್ಚುತ್ತಿದ್ದಳು.

“ನಾನಿರ್ತೀನಿ. ನೀನು ಹೋಗಮ್ಮ, ಬಸ್ ಹೋಗುತ್ತೆ.”

ಬೇಜಾರಿಲ್ಲ, ಕೋಪವಿಲ್ಲ. ನಲವತ್ತೊಂಬತ್ತು ದಿನವೂ ಅವಳು ಹೀಗೇ ಬಿಚ್ಚಿರಬೇಕು.

“ಬ್ಯಾಗ್ ತಗೋ,” ಎಂದೆ. “ತಗೊಂಡು ಹೊರಡು. ಅತ್ತೆ, ಏಳಿ, ಒಳ್ಳೆ ಸೀರೆ ಉಟ್ಕೊಳ್ಳಿ, ಹೋಗೋಣ.”

“ಎಲ್ಲಿಗೆ, ಹೊಳೆಗಾ?”

“ನನ್ನ ಸ್ಕೂಲಿಗೆ.”

ಏಳೂ ಹತ್ತರ ಬಸ್ಸು ಹೋಯಿತು. ಎಂಟರದು ಸಿಕ್ಕಿತು. ಸುತ್ತೂರಿನ ಹತ್ತಿರ ಅತ್ತೆ ಇಳಿಯಬೇಕೆಂದು ಹಟ ಹಿಡಿದರು, ಕಂಡಕ್ಟರು ಅಜ್ಜಿಗೆ ಕಿಟಕಿಯ ಸೀಟು ಬಿಡಿಸಿಕೊಟ್ಟ. ನರಸೀಪುರದಿಂದ ಆಟೋ. ಶಾಲೆಯ ಗೇಟು ಮುಟ್ಟಿದಾಗ ಹತ್ತಕ್ಕೆ ಎರಡು ನಿಮಿಷ. ರಾಜೇಂದ್ರ ಸರ್ ಗೇಟಿನಲ್ಲೇ ನಿಂತಿದ್ದರು.

“ಯಾರು ಮೇಡಂ ಇವರು?”

“ನಮ್ಮತ್ತೆ. ಬನ್ನಿ ಸರ್, ಬೀರು ತೆಗೆಯೋಣ.”

ಅತ್ತೆಯನ್ನು ಸ್ಟಾಫ್‌ರೂಮಿನಲ್ಲಿ ಕೂರಿಸಿ, ಬಿಸಿಯೂಟದ ಅಡುಗೆಯವರಿಗೆ ನೋಡಿಕೊಳ್ಳಲು ಹೇಳಿ, ಕೊಠಡಿಗೆ ಹೋದೆ. ಇಪ್ಪತ್ತೆಂಟು ಮಕ್ಕಳು. ಪತ್ರಿಕೆ ಹಂಚಿ ಅರ್ಧ ಗಂಟೆಯಾಗಿತ್ತು. ಮೂರನೇ ಬೆಂಚಿನಿಂದ ಕವನ ಎದ್ದು ನಿಂತಳು.

“ಮೇಡಂ, ನಿಮ್ಮಜ್ಜಿ ಓಯ್ತಾವ್ರೆ.”

ಕಿಟಕಿಯಲ್ಲಿ ನೋಡಿದೆ. ಅತ್ತೆ ಆಟದ ಮೈದಾನ ದಾಟುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರಿನ ಕಡೆಗೆ ಹೋಗುವವರ ನಡಿಗೆ. ಆ ಕಡೆ ನಾಲೆ. ಪರೀಕ್ಷೆಯ ಕೊಠಡಿ ಬಿಟ್ಟು ಮೇಲ್ವಿಚಾರಕರು ಹೊರಗೆ ಕಾಲಿಡಬಾರದು. ಅದನ್ನು ಹೊಸ ಟೀಚರುಗಳಿಗೆ ಹೇಳಿಕೊಡುವವಳು ನಾನೇ. ಪಕ್ಕದ ಕೊಠಡಿಗೆ ಕೂಗಿದೆ, ಕೇಳಿಸಲಿಲ್ಲ. “ಯಾರೂ ತಿರುಗಬೇಡಿ,” ಎಂದು ಹೇಳಿ ಓಡಿದೆ. ಚಪ್ಪಲಿ ಎಲ್ಲೋ ಬಿತ್ತು.

ನಾಲೆಯ ಏರಿಯ ಮೇಲೆ ಸಿಕ್ಕಿದರು. ಕೈ ಹಿಡಿದೆ. “ಆಗ್ಲೇ ಹೋಗಿ ಬಂದ್ವಲ್ಲ ಅತ್ತೆ,” ಎಂದೆ. ಕಿವಿಯ ಹತ್ತಿರ ಬಾಗಿ ಮತ್ತೊಮ್ಮೆ ಹೇಳಿದೆ. “ಹೌದಾ,” ಎಂದು ನನ್ನ ಜೊತೆ ತಿರುಗಿದರು.

ಏಳು ನಿಮಿಷ. ವಾಪಸ್ ಬಂದಾಗ ಕೊಠಡಿಯ ಬಾಗಿಲಲ್ಲಿ ರಾಜೇಂದ್ರ ಸರ್. ಒಳಗೆ ಇಪ್ಪತ್ತೆಂಟು ಮಕ್ಕಳೂ ತಲೆ ತಗ್ಗಿಸಿ ಬರೆಯುತ್ತಿದ್ದರು, ಒಬ್ಬರೂ ಪಕ್ಕಕ್ಕೆ ನೋಡಿರಲಿಲ್ಲ. ಉಳಿದ ಹೊತ್ತು ಅತ್ತೆಯನ್ನು ನನ್ನ ಕುರ್ಚಿಯಲ್ಲೇ ಕೂರಿಸಿಕೊಂಡೆ. ಪರೀಕ್ಷೆ ಮುಗಿದ ಮೇಲೆ ಕವನ ಕೇಳದೆಯೇ ಬಂದು ಅವರಿಗೆ ಅನ್ನ ಸಾರು ಕಲಸಿಕೊಟ್ಟಳು, ತುತ್ತು ಸಣ್ಣದು ಮಾಡಿ.

ಸಿಂಧು ಶಾಲೆಗೆ ಹೋಗಿ ಬಂದಿದ್ದಾಳೆ. ಹದಿನೈದು ದಿನ ಆಯಿತು.

ಫೆಬ್ರವರಿ 14, ಶನಿವಾರ

ನೋಟಿಸ್ ಬಂತು. ಪರೀಕ್ಷಾ ಕೊಠಡಿಯನ್ನು ಬಿಟ್ಟು ಹೋದ ಬಗ್ಗೆ ಮೂರು ದಿನದೊಳಗೆ ವಿವರಣೆ. ಅಲ್ಲೇ ನಿಂತು ಬರೆದುಕೊಟ್ಟೆ. ‘ನನ್ನ ಅತ್ತೆ ನಾಲೆಯ ಕಡೆಗೆ ಹೋಗುತ್ತಿದ್ದರು. ಕರೆದುಕೊಂಡು ಬಂದೆ.’

“ಕ್ಷಮೆ ಕೋರುತ್ತೇನೆ ಅಂತ ಒಂದು ಸಾಲು ಸೇರಿಸಿ ಮೇಡಂ. ಫೈಲು ಇಲ್ಲೇ ಮುಚ್ತೀನಿ.” ರಾಜೇಂದ್ರ ಸರ್ ಕೆಟ್ಟವರಲ್ಲ, ನಿಜವಾಗಿಯೂ ಸಹಾಯ ಮಾಡಲೆಂದೇ ಹೇಳಿದರು.

“ಸೇರಿಸಲ್ಲ ಸರ್. ಮತ್ತೆ ಹಾಗಾದ್ರೆ ಮತ್ತೆ ಓಡ್ತೀನಿ.”

ಹಾಗಾದರೆ ಇದು ಮೇಲಕ್ಕೆ ಹೋಗುತ್ತದೆ ಎಂದರು. ಹೋಗಲಿ. ಬಸ್ಸಿನಲ್ಲಿ ಪಕ್ಕದವಳು ಹುರಿಗಡಲೆ ಕೊಟ್ಟಳು, ತಿನ್ನುತ್ತಾ ಬಂದೆ.

ಫೆಬ್ರವರಿ 17, ಮಂಗಳವಾರ

ಬಿಂದುಶ್ರೀಯ ಮೆಸೇಜು. ಈಗ ಅವರಿಗೆ ನನ್ನ ಸರಿಯಾದ ನಂಬರು ಕೊಟ್ಟಿದ್ದೇನೆ. ‘22, ಭಾನುವಾರ ಹತ್ತನೇ ಕ್ಲಾಸಿಗೆ ತರಗತಿ ಇಡ್ತಿದೀವಿ. ಇನ್ನೂ ನಾಲ್ಕು ಮಕ್ಕಳಿಗೆ ಹೀಗೇ ಕಡಿಮೆ ಇದೆ, ಹೆಡ್‌ಮಿಸ್ ಒಪ್ಪಿದರು. ಅವತ್ತು ಮನೆಯಲ್ಲಿ ಯಾರೂ ಇರಲ್ಲ, ಮಗುವನ್ನು ಕರ್ಕೊಂಡು ಬರ್ತೀನಿ.’

ಓದಿ ಸಿಂಧುವಿಗೆ ಕೊಟ್ಟೆ. ಅವಳು ಓದಿ ಫೋನನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ‘ಮಗುವನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಉತ್ತರ ಬರೆದೆ.

ಫೆಬ್ರವರಿ 22, ಭಾನುವಾರ

ಮುರಳಿ ಮನೆಯಲ್ಲಿದ್ದರು. ನಾನು ಸಿಂಧುವಿನ ಜೊತೆ ಹೋದೆ. ಅವಳ ಶಾಲೆಯ ವರಾಂಡದಲ್ಲಿ ನಾನು ಇಷ್ಟು ಹೊತ್ತು ಇದ್ದದ್ದು ಇದೇ ಮೊದಲು.

ಬಿಂದುಶ್ರೀ ಮಗುವನ್ನು ನನ್ನ ತೋಳಿಗೆ ಕೊಟ್ಟು, ಒಂದು ಬಾಟಲಿ, ಎರಡು ಬಟ್ಟೆ ಕೊಟ್ಟು, ತಿರುಗಿ ನೋಡದೆ ಒಳಗೆ ಹೋದರು. ತಿರುಗಿ ನೋಡಬಾರದೆಂದು ಅವರಿಗೆ ಯಾರೋ ಹೇಳಿಕೊಟ್ಟಿರಬೇಕು. ನನಗೂ ಹೇಳಿಕೊಟ್ಟಿದ್ದರು. ಬಾಗಿಲ ಪಕ್ಕದಲ್ಲೇ ನಿಂತೆ. ಹೆಸರು ಕರೆಯುವುದು ಶುರುವಾಯಿತು. ಸಿಂಧುವಿನ ಹೆಸರು ಬರಲು ಇನ್ನೂ ಹತ್ತು ಹನ್ನೆರಡು ಹೆಸರಿತ್ತು. ಅವಳು ‘ಪ್ರೆಸೆಂಟ್’ ಎನ್ನುವ ಆ ಒಂದು ಮಾತನ್ನು ಕಿವಿಯಾರೆ ಕೇಳಬೇಕೆಂದೇ ನಾನು ಬಂದದ್ದು.

ತಾಯಿಯ ದನಿ ಕೇಳಿ ಮಗು ಅಳಲು ಶುರು ಮಾಡಿತು. ಬೆನ್ನು ತಟ್ಟಿದೆ, ಬಾಟಲಿ ಕೊಟ್ಟೆ, ಉಗಿಯಿತು. ಒಳಗೆ ಬಿಂದುಶ್ರೀ ಒಂದು ಹೆಸರನ್ನು ಎರಡು ಸಲ ಕರೆದರು. ಅಲ್ಲಿ ನಿಂತಿರುವುದು ನನ್ನಿಂದಾಗಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ತನಕ ಹೋದೆ, ಅಳು ಒಳಗೆ ಕೇಳಿಸದಷ್ಟು ದೂರ. ಅಲ್ಲಿಗೆ ಒಳಗಿನ ಹೆಸರುಗಳೂ ಕೇಳಿಸುವುದಿಲ್ಲ. ರಸ್ತೆಯಲ್ಲಿ ಹೋಗುವ ಸ್ಕೂಟರು, ದನ, ಎಳನೀರು ಗಾಡಿ ತೋರಿಸಿದೆ. ಬಹಳ ಹೊತ್ತಿನ ಮೇಲೆ ನಿದ್ದೆ ಮಾಡಿತು. ಮಧ್ಯಾಹ್ನ ಎತ್ತಿಕೊಡುವಾಗ ಬಿಂದುಶ್ರೀ ಹಾಜರಿ ಪುಸ್ತಕ ತೋರಿಸಿದರು. ಮಗುವಿನ ತಲೆಯನ್ನು ಮೂಸಿ ನೋಡಿ ಆಟೋ ಹತ್ತಿದರು.

ನಾವಿಬ್ಬರೂ ಬಜಾರಿನಲ್ಲಿ ಬದನೆಕಾಯಿ, ಹೀರೆಕಾಯಿ ತೆಗೆದುಕೊಂಡು ನಡೆದೇ ಹೊರಟೆವು. ಸಿಂಧು ಹೇಳಿದಳು. “ನಾನು ಪ್ರೆಸೆಂಟ್ ಅನ್ನೋವಾಗ ಬಾಗಿಲು ನೋಡ್ದೆ. ನೀನಿರ್ಲಿಲ್ಲ.”

“ಮಗು ಅಳ್ತಿತ್ತು ಕಣೆ. ಒಳಗೆ ಕೇಳಿಸಬಾರದು ಅಂತ ದೂರ ಹೋದೆ.”

“ಕೇಳಿಸ್ತಿತ್ತಮ್ಮ. ಎಲ್ಲಾರಿಗೂ ಕೇಳಿಸ್ತು. ಮಿಸ್ ಅಳ್ತಾ ಅಳ್ತಾನೇ ಹೆಸರು ಕರೆದ್ರು.” ಸ್ವಲ್ಪ ದೂರ ನಡೆದು ಮತ್ತೆ ಕೇಳಿದಳು. “ನಾನು ಚಿಕ್ಕವಳಿದ್ದಾಗ ನೀನೂ ಹೀಗೇ ಅಳ್ತಿದ್ಯಾ, ಕ್ಲಾಸಲ್ಲಿ?”

ಹೌದು ಎನ್ನಬಹುದಿತ್ತು. ಅವಳು ಅದನ್ನೇ ಕೇಳಬೇಕೆಂದಿದ್ದಳು.

“ಇಲ್ಲ ಕಣೆ. ನನ್ನ ಸ್ಕೂಲು ದೂರ ಇತ್ತು. ನೀನು ಅಳೋದು ನಂಗೆ ಕೇಳಿಸ್ತಾನೇ ಇರ್ಲಿಲ್ಲ.”

ಅವಳು ನಡೆಯುತ್ತಲೇ, ಅಭ್ಯಾಸದ ಹಾಗೆ, ನನ್ನ ಕೈಯಿಂದ ತರಕಾರಿ ಚೀಲ ತೆಗೆದುಕೊಂಡಳು. ನಾಲ್ಕು ಹೆಜ್ಜೆ ಹೋದ ಮೇಲೆ ನನಗೆ ಗೊತ್ತಾಯಿತು. ನಿಲ್ಲಿಸಿ, ಚೀಲವನ್ನು ಅವಳ ಬೆರಳಿನಿಂದ ಬಿಡಿಸಿ ವಾಪಸ್ ತೆಗೆದುಕೊಂಡೆ. ಅವಳು ಬಿಡಲಿಲ್ಲ, ಸ್ವಲ್ಪ ಎಳೆದಾಡಿದೆವು.

“ಬಿಡು, ಇದು ನಂದು,” ಎಂದೆ.